ಬಾಯಿ ಬಿಡದ ಮಗು: ಅಂಜಿಕೆಯೋ, ಆಟಿಸಮ್ಮೋ?

ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಾವೆಲ್ಲ ಮಾತಾಡುತ್ತ ನಿಂತಾಗ ಅವ್ವನ ಸೆರಗಿನ ಹಿಂದೆ ಅಡಗುವ ಒಂದೆರಡು ಮಕ್ಕಳು ಯಾವ ಊರಿನಲ್ಲೂ ಇರುತ್ತವೆ. "ಮಂದಿ ಅಂದ್ರ ಅಂಜಿಕಿ ರೀ ಅದಕ್ಕ, ದೊಡ್ಡದಾದ್ರ ಸರಿ ಹೋಗ್ತದ" ಎನ್ನುತ್ತಾಳೆ ತಾಯಿ. ನಾವು ತಲೆಯಾಡಿಸುತ್ತೇವೆ.

ನನ್ನ ತಂಗಿಯ ಮಗನ ವಿಷಯದಲ್ಲಿ ನಾನೂ ಹಾಗೆಯೇ ತಲೆಯಾಡಿಸಿದವನು. ಹತ್ತು ವರ್ಷದವರೆಗೆ ನಾಚಿಕೆ ಸ್ವಭಾವ ಎಂದೇ ನಡೆಯಿತು. ಆಮೇಲೆ ಒಬ್ಬ ವೈದ್ಯರು ಹತ್ತು ನಿಮಿಷ ನೋಡಿ, ಇದು ಸಾಮಾಜಿಕ ಆತಂಕ, ನಾಲ್ಕು ಜನರ ನಡುವೆ ಬಿಡಿ ಎಂದರು. ಬಿಟ್ಟೆವು. ನವೆಂಬರಿನಲ್ಲಿ ಮೆಥೊಡಿಸ್ಟ್ ಸಭೆಯವರ ಧಾರೂರು ಜಾತ್ರೆಗೇ ಕರೆದುಕೊಂಡು ಹೋದೆವು. ಧ್ವನಿವರ್ಧಕದ ಸದ್ದಿಗೆ ಅವನು ಎರಡೂ ಕಿವಿ ಮುಚ್ಚಿ ನೆಲಕ್ಕೆ ಬಿದ್ದು ಚೀರಿದ. ಮರುವರ್ಷ ಬೇರೊಬ್ಬರು ತಾಯಿಯನ್ನು ಕೂರಿಸಿಕೊಂಡು ಅವನ ಕೂಸುತನದಿಂದ ಎಲ್ಲವನ್ನೂ ಕೇಳಿದರು. ಆಟಿಸಂ ಇತ್ತು. ಅದರ ಜೊತೆಗೇ ಬೆಳೆದ ಅಂಜಿಕೆಯೂ ಇತ್ತು.

ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಬೆಳೆ ಬೆಳೆಯುವ ನಮಗೆ ಈ ಮಾತು ಹೊಸದಲ್ಲ. ಮಧ್ಯಾಹ್ನ ಗಿಡ ಬಾಡಿದ್ದರೆ ನೀರಿಲ್ಲದೆ ಬಾಡಿರಬಹುದು, ಸೊರಗು ರೋಗವೂ ಇರಬಹುದು. ಕಾಂಡ ಸೀಳಿ ಕಪ್ಪು ಗೆರೆ ನೋಡದೆ ಯಾರೂ ಹೇಳುವುದಿಲ್ಲ. 'ಮಾರುತಿ' ತಳಿ ಸೊರಗು ರೋಗ ತಡೆಯಿತು, ಗೊಡ್ಡು ರೋಗವನ್ನು ತಡೆಯಲಿಲ್ಲ. ಎರಡನ್ನೂ ತಡೆಯುವ 'ಆಶಾ' ತಳಿ ನಮ್ಮ ಪಕ್ಕದ ಪಟಾಂಚೆರುವಿನ ಇಕ್ರಿಸ್ಯಾಟ್‌ನಿಂದ 1993ರಲ್ಲಿ ಬಂತು. ಮಗುವನ್ನು ರೋಗದ ಗಿಡಕ್ಕೆ ಹೋಲಿಸುತ್ತಿಲ್ಲ; ಗಿಡಕ್ಕೆ ಕೊಡುವಷ್ಟು ಗಮನವನ್ನು ಮಗುವಿಗೂ ಕೊಡೋಣ ಎನ್ನುತ್ತಿದ್ದೇನೆ.

ಹೊರಗಿನ ಲಕ್ಷಣ ಎರಡರಲ್ಲೂ ಒಂದೇ ತರಹ. ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಮದುವೆಮನೆಗೆ ಬರುವುದಿಲ್ಲ, ಗೆಳೆಯರಿಲ್ಲ. ಒಳಗಿನ ಕಾರಣ ಬೇರೆ. ಸಾಮಾಜಿಕ ಆತಂಕವಿರುವ ಮಗುವಿಗೆ ಮಾತಾಡಲು ಬರುತ್ತದೆ, ಆಸೆಯೂ ಇರುತ್ತದೆ; ಮಂದಿ ನಕ್ಕಾರು ಎಂಬ ಭಯ ಬಾಯಿ ಕಟ್ಟುತ್ತದೆ. ಮನೆಯಲ್ಲಿ ಅದೇ ಮಗು ಗಿಣಿಯಂತೆ ಮಾತಾಡುತ್ತದೆ. ಈ ಭಯ ಹೆಚ್ಚಾಗಿ ಎಂಟು ವರ್ಷದ ನಂತರ, ಹರೆಯದ ಹೊತ್ತಿಗೆ ತಲೆಯೆತ್ತುತ್ತದೆ. ಆಟಿಸಂ ಹುಟ್ಟಿನಿಂದಲೇ ಬಂದದ್ದು. ಹೆಸರು ಕರೆದರೆ ತಿರುಗದಿರುವುದು, ಚಂದಿರನನ್ನು ಬೆರಳು ಮಾಡಿ ತೋರಿಸದಿರುವುದು, ಒಂದೇ ಆಟವನ್ನು ಮತ್ತೆ ಮತ್ತೆ ಆಡುವುದು, ದಾರಿ ಬದಲಾದರೆ ರಂಪ ಮಾಡುವುದು, ಕೆಲವು ಸದ್ದು ಬಟ್ಟೆಗಳನ್ನು ತಾಳದಿರುವುದು ಅದರ ಗುರುತುಗಳು. ಇವು ಮನೆಯಲ್ಲೂ ಕಾಣುತ್ತವೆ, ಬಹುಮಟ್ಟಿಗೆ ಮೂರು ವರ್ಷದೊಳಗೇ.

ಆದರೆ ಇದೋ ಅದೋ ಎಂದು ಆರಿಸುವುದೇ ತಪ್ಪಾಗಬಹುದು. ಆಟಿಸಂ ಇರುವ ನೂರು ಮಕ್ಕಳಲ್ಲಿ ಸುಮಾರು 40 ಮಕ್ಕಳಿಗೆ ಯಾವುದಾದರೊಂದು ಬಗೆಯ ಆತಂಕದ ತೊಂದರೆಯೂ ಇರುತ್ತದೆಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ಹೇಳಿದ್ದಾರೆ. ಶಾಲೆಯಲ್ಲಿ ನಾಲ್ಕು ವರ್ಷ ಗೇಲಿ ಮಾಡಿಸಿಕೊಂಡ ಹುಡುಗನಿಗೆ ಮಂದಿಯ ಭಯ ಬಾರದೆ ಇನ್ನೇನು ಬಂದೀತು? ಹೆಣ್ಣುಮಕ್ಕಳ ಕಥೆ ಇನ್ನೂ ಕಷ್ಟ. ಬೇರೆಯವರನ್ನು ನೋಡಿ ನಕಲು ಮಾಡಿ ನಿಭಾಯಿಸುತ್ತಾರೆ. ನಾವು "ಭಾಳ ಮೆತ್ತಗಿನ ಹುಡುಗಿ" ಎಂದು ಹೊಗಳಿ ಸುಮ್ಮನಾಗುತ್ತೇವೆ.

ನಮ್ಮ ಕಡೆ ಮೂರನೆಯ ತೊಡಕೊಂದಿದೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಶಾಲೆಯ ಮಾತು ತೆಲುಗು, ಬಜಾರಿನದು ಉರ್ದು. ಹೊಸದಾಗಿ ಶಾಲೆ ಸೇರಿದ ಮಗು ಭಾಷೆ ತಿಳಿಯದೆ ಮೌನವಾಗಿದ್ದರೆ ಅದು ಆಟಿಸಮ್ಮೂ ಅಲ್ಲ, ಆತಂಕವೂ ಅಲ್ಲ. ಮನೆಯ ಕನ್ನಡ ಬಿಟ್ಟುಬಿಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಎರಡು ಭಾಷೆ ಕಲಿಯುವುದರಿಂದ ಆಟಿಸಂ ಬರುವುದಿಲ್ಲ. ಮಗುವನ್ನು ವೈದ್ಯರ ಬಳಿ ಒಯ್ದಾಗ ಅದರ ಮಾತನ್ನು ಕನ್ನಡದಲ್ಲೇ ಪರೀಕ್ಷಿಸಿ ಎಂದು ಕೇಳಿ. ಎಲ್ಲಕ್ಕೂ ಮೊದಲು ಕಿವಿ ತಪಾಸಣೆ ಮಾಡಿಸಿ.

ಹೆಸರು ಯಾವುದಾದರೇನು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆತಂಕದ ಮಗುವನ್ನು ಅಂಜುವ ಕಡೆಗೆ ಸ್ವಲ್ಪ ಸ್ವಲ್ಪವಾಗಿ, ಮೆಟ್ಟಿಲು ಹತ್ತಿಸಿದಂತೆ ಒಯ್ಯುವುದೇ ಚಿಕಿತ್ಸೆ. ಆಟಿಸಂ ಮಗುವಿಗೆ ಅಷ್ಟೇ ಸಾಲದು; ಸದ್ದು ತಗ್ಗಿಸಬೇಕು, ನಾಳೆ ಏನು ನಡೆಯುವುದೆಂದು ಮುಂಚೆ ತಿಳಿಸಬೇಕು, ನಮಗೆ ತಾನಾಗಿ ಬಂದದ್ದನ್ನು ಅದಕ್ಕೆ ಬಿಡಿಸಿ ಕಲಿಸಬೇಕು. ಇನ್ನೊಂದು ಮಾತು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಸಾಮಾಜಿಕ ಆತಂಕದ ಹೆಸರು ಆ ಪಟ್ಟಿಯಲ್ಲಿಲ್ಲ. ಪ್ರಮಾಣಪತ್ರಕ್ಕಾಗಿ ಬಂದ ಭಾರತೀಯ ಮಾಪಕದಲ್ಲಿ 40 ಪ್ರಶ್ನೆಗಳಿವೆ. ಅವುಗಳಲ್ಲಿ ಕಣ್ಣು ಕೂಡಿಸುವುದು, ಜನರೊಡನೆ ಬೆರೆಯುವುದು ಕೆಲವು ಮಾತ್ರ. ಬರೀ ಅಂಜುವ ಮಗುವಿಗೂ ಅಲ್ಲಿ ಅಂಕ ಬೀಳಬಹುದು. ಆದ್ದರಿಂದ ಉಳಿದ ಪ್ರಶ್ನೆಗಳಿಗೆ ತಾಯಿಯ ನೆನಪೂ ಒಂದು ಆಧಾರ.

ಸಿಕಂದರಾಬಾದಿನ ಮನೋವಿಕಾಸನಗರದಲ್ಲಿ 1984ರಿಂದ ಕೇಂದ್ರ ಸರಕಾರದ ಸಂಸ್ಥೆಯೊಂದಿದೆ. ಧಾರೂರಿನಿಂದ ರೈಲಿನಲ್ಲಿ ಹೋಗಬಹುದು. ದೂರವೆನಿಸಿದರೆ ಮೊದಲು 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಅದು, ಖರ್ಚಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಹೊರಡುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವಾಗ ಮೊದಲ ಮಾತಾಡಿತು, ಮನೆಯಲ್ಲಿ ಹೇಗಿರುತ್ತದೆ, ಹೊರಗೆ ಹೇಗೆ, ಯಾವ ಸದ್ದಿಗೆ ಬೆದರುತ್ತದೆ. ನನ್ನ ತಂಗಿ ಆ ಹಾಳೆಯನ್ನು ರಾಶಿಯ ದಿನಗಳಲ್ಲಿ, ರಾತ್ರಿ ಕೂತು ಬರೆದಳು. ಅವಳ ಮಗ ಈಗ ಪೂಜೆಗೆ ಬರುತ್ತಾನೆ. ಬಾಗಿಲ ಹತ್ತಿರದ ಕೊನೆಯ ಬೆಂಚು ಅವನದು. ಅಲ್ಲಿ ಬೇರೆ ಯಾರೂ ಕೂರುವುದಿಲ್ಲ.