ಡಬ್ಬಿ ಹೆಕ್ಕುವವರನ್ನು ನೋಡಿ ನಗುವವರಿಗೆ

ಕಳೆದ ಭಾನುವಾರ ಮನೆಗೆ ಬಂದಿದ್ದ ಹಳೆಯ ಸ್ನೇಹಿತರೊಬ್ಬರು, ನಮ್ಮ ಹಾಗೆಯೇ ನಾಣ್ಯದ ಹುಚ್ಚಿನವರು, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಎತ್ತಿ ನೋಡಿ ಗಹಗಹಿಸಿ ನಕ್ಕರು. "ಎಂತ ಮಾಷ್ಟ್ರೇ, ನಾಣ್ಯ ಬಿಟ್ಟು ಈಗ ಡಬ್ಬಿ ಹೆಕ್ಕಲಿಕ್ಕೆ ಶುರು ಮಾಡಿದ್ರಾ?" ಒಳಗಿದ್ದದ್ದು ಅಮೆರಿಕದ ಹತ್ತು ಸೆಂಟಿನ ರೂಸ್‌ವೆಲ್ಟ್ ಡೈಮ್. ಅಲ್ಲಿ ಅಂಗಡಿಯವರು ಚಿಲ್ಲರೆಯೆಂದು ಕೊಡುವಂಥದ್ದು. ಮೇಲಿನ ಚೀಟಿಯಲ್ಲಿ ಅಂಕವಿಲ್ಲ, 'ಸ್ಯಾಂಪಲ್' ಅಂತಷ್ಟೇ ಇದೆ. ಅಮೆರಿಕದಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಬಂದಾಗ ತಂದುಕೊಟ್ಟದ್ದು. ಅಷ್ಟರಲ್ಲಿ ಚಹಾ ಬಂತು, ಮಾತು ಬೇರೆ ಕಡೆ ಹೋಯಿತು. ಆಗ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಅವರೂ ಓದುತ್ತಾರೆ, ಓದಲಿ.

ಗೊತ್ತಿಲ್ಲದವರಿಗೆ ಮೊದಲು ಒಂದೆರಡು ಮಾತು. ನಾಣ್ಯದವರ ಬಾಯಲ್ಲಿ ಸ್ಲ್ಯಾಬ್ ಅಂದರೆ ತಾರಸಿಗೆ ಹಾಕುವ ಸ್ಲ್ಯಾಬ್ ಅಲ್ಲ. ನಾಣ್ಯ ಅಸಲಿಯೋ ನಕಲಿಯೋ, ಎಷ್ಟು ಸವೆದಿದೆ ಎಂದು ಪರೀಕ್ಷಿಸಿ, ಒಂದರಿಂದ 70ರ ಒಳಗೆ ಅಂಕ ಕೊಟ್ಟು, ಅಂಕದ ಚೀಟಿಯ ಸಮೇತ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಕೊಡುವ ಕಂಪೆನಿಗಳು ಅಮೆರಿಕದಲ್ಲಿವೆ. ಆ ಡಬ್ಬಿಯೇ ಸ್ಲ್ಯಾಬ್. ಅನಾಕ್ಸ್ ಎಂಬ ಸಂಸ್ಥೆ 1972ರಲ್ಲಿ ಅಸಲಿ ನಕಲಿ ಹೇಳಲು ಶುರು ಮಾಡಿತು. 1979ರಿಂದ ಗ್ರೇಡನ್ನೂ ಕೊಟ್ಟಿತು, ಆಗ ಫೋಟೋ ಇರುವ ಕಾಗದದ ಸರ್ಟಿಫಿಕೇಟು ಮಾತ್ರ. 1986ರಲ್ಲಿ ಪಿಸಿಜಿಎಸ್, 1987ರಲ್ಲಿ ಎನ್‌ಜಿಸಿ ಬಂದ ಮೇಲೆ ಡಬ್ಬಿಯದ್ದೇ ರಾಜ್ಯಭಾರ. ತಮ್ಮ ಡಬ್ಬಿ ಹೇಗಿದೆ ಎಂದು ವ್ಯಾಪಾರಿಗಳಿಗೆ ತೋರಿಸಲು, ನಾಣ್ಯಮೇಳಗಳಲ್ಲಿ ಬಂದವರ ಕೈಗೆ ಕೊಡಲು ಈ ಕಂಪೆನಿಗಳು ಒಂದು ಸೆಂಟೋ, ಐದು ಸೆಂಟೋ, ಡೈಮೋ ಹಾಕಿ ಒಂದಷ್ಟು ಮಾದರಿ ಡಬ್ಬಿಗಳನ್ನು ಮಾಡಿದವು. ಕೆಲವದರ ಚೀಟಿಯಲ್ಲಿ ಮೇಳದ ಹೆಸರೂ ಇರುತ್ತದೆ. ಇವನ್ನೇ ಹುಡುಕಿ ಹುಡುಕಿ ಕೂಡಿಡುವವರದ್ದು ಒಂದು ಸಣ್ಣ ಪಂಗಡ. ಎಲ್ಲರೂ ನಗುವುದು ಇವರನ್ನು ನೋಡಿಯೇ.

ನಗುವವರು ಯಾರು ನೋಡಿ. ನಮ್ಮ ಸ್ನೇಹಿತರ ಕಪಾಟಿನಲ್ಲಿ ಅಮೆರಿಕನ್ ಸಿಲ್ವರ್ ಈಗಲ್ ಇದೆ, ಒಂದು ಔನ್ಸ್ ಬೆಳ್ಳಿ, 70 ಅಂಕದ್ದು. 69ರದ್ದೂ ಒಂದಿದೆ. ಅದೇ ವರ್ಷದ್ದು, ಅದೇ ಬೆಳ್ಳಿ, ಅದೇ ತೂಕ. ಬೆಲೆ ಮಾತ್ರ ಒಂದೇ ಅಲ್ಲ. ಐದು ಪಟ್ಟು ದೊಡ್ಡದು ಮಾಡುವ ಭೂತಕನ್ನಡಿಯಲ್ಲಿ ನೋಡಿದರೂ ಟಂಕಿಸಿದ ಮೇಲಿನ ದೋಷ ಕಾಣದಿದ್ದರೆ 70, ಚೂರು ಏನಾದರೂ ಕಂಡರೆ 69. ಹಾಗಾದರೆ ಅವರು ಹೆಚ್ಚಿಗೆ ದುಡ್ಡು ಕೊಟ್ಟದ್ದು ಯಾವುದಕ್ಕೆ? ಬೆಳ್ಳಿಗಂತೂ ಅಲ್ಲ. ಚೀಟಿಗೆ! ಚೀಟಿಯನ್ನು ಕೊಂಡವರು ಡಬ್ಬಿಯನ್ನು ಕೂಡಿಟ್ಟವರನ್ನು ನೋಡಿ ನಗುವುದು ಯಾವ ನ್ಯಾಯ ಸ್ವಾಮಿ?

ಅಂಕ ಕೊಡುವ ಕೆಲಸ ನಮ್ಮದೂ ಹೌದು, ಹಾಗಾಗಿ ಇಲ್ಲಿ ಸ್ವಲ್ಪ ಸಲಿಗೆಯಿಂದ ಮಾತಾಡುತ್ತೇವೆ. ಒಂದೇ ಉತ್ತರ ಪತ್ರಿಕೆ ಇಬ್ಬರು ಮೌಲ್ಯಮಾಪಕರ ಕೈಗೆ ಹೋದರೆ ಎರಡು ಅಂಕ ಬರುತ್ತದೆ. ಊಟದ ಮೊದಲು ನೋಡಿದ್ದಕ್ಕೆ ಒಂದು, ಊಟವಾದ ಮೇಲೆ ನೋಡಿದ್ದಕ್ಕೆ ಇನ್ನೊಂದು. ಮೌಲ್ಯಮಾಪನಕ್ಕೆ ಕುಳಿತ ಯಾರೂ ಇದನ್ನು ಇಲ್ಲ ಅನ್ನಲಾರರು. ಕೇರಳದಲ್ಲಿ 2005ರಲ್ಲಿ ಎಸ್‌ಎಸ್‌ಎಲ್‌ಸಿಗೆ ಅಂಕ ಬಿಟ್ಟು ಗ್ರೇಡ್ ತಂದಾಗ ನಾವೆಲ್ಲ ಎಷ್ಟು ವಾದ ಮಾಡಿದ್ದೆವು! ನಾಣ್ಯದ ಲೋಕದಲ್ಲಿ ಆ ಸಂಶಯವೇ ಇಲ್ಲ. ಅಲ್ಲಿ 69 ಬೇರೆ, 70 ಬೇರೆ, ದೇವರು ಬರೆದದ್ದು. ಈ 70 ಎಲ್ಲಿಂದ ಬಂತು ಗೊತ್ತೇ? 1949ರಲ್ಲಿ ವಿಲಿಯಂ ಶೆಲ್ಡನ್ ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಮಾಡಿದ ಲೆಕ್ಕ ಅದು. ತೀರಾ ಸವೆದ ಸೆಂಟಿಗೆ ಒಂದು ಡಾಲರಾದರೆ ಅತ್ಯುತ್ತಮ ಸೆಂಟಿಗೆ 70 ಡಾಲರ್, ಅಂದರೆ 70 ಪಟ್ಟು. ಮೂಲದಲ್ಲಿ ಅದು ಪೇಟೆಯ ಧಾರಣೆ. ತಾಮ್ರದ ಸೆಂಟಿನ ಧಾರಣೆ ಇವತ್ತು ಬೆಳ್ಳಿ ಬಂಗಾರಕ್ಕೆಲ್ಲ ಶಾಸ್ತ್ರವಾಗಿ ಕುಳಿತಿದೆ.

ಅಂಕ ಕಮ್ಮಿ ಬಂದರೆ ಅಲ್ಲಿನ ವ್ಯಾಪಾರಿಗಳು ಏನು ಮಾಡುತ್ತಾರೆ? ಡಬ್ಬಿ ಒಡೆದು ಅದೇ ನಾಣ್ಯವನ್ನು ಮತ್ತೆ ಕಳಿಸುತ್ತಾರೆ. ಬಂದರೆ ಬಂತು, ಇಲ್ಲದಿದ್ದರೆ ಇನ್ನೊಮ್ಮೆ. ಮರುಮೌಲ್ಯಮಾಪನ ಅಲ್ಲದೆ ಇನ್ನೇನು? 2007ರಲ್ಲಿ ಸಿಎಸಿ ಎಂಬ ಇನ್ನೊಂದು ಸಂಸ್ಥೆ ಬಂತು. ಕಂಪೆನಿ ಕೊಟ್ಟ ಅಂಕ ಸರಿಯಾಗಿದೆ ಎಂದು ಡಬ್ಬಿಯ ಮೇಲೆ ಹಸಿರು ಸ್ಟಿಕ್ಕರ್ ಅಂಟಿಸುವುದು ಅದರ ಕೆಲಸ. ಸರ್ಟಿಫಿಕೇಟಿಗೇ ಒಂದು ಸರ್ಟಿಫಿಕೇಟು! 2023ರಲ್ಲಿ ಅವರ ಹೆಸರಿನಲ್ಲೇ ಡಬ್ಬಿ ಹಾಕುವ ಕಂಪೆನಿಯೂ ಆಯಿತು. ಇದಕ್ಕಿಂತ ತಮಾಷೆ 'ಫಸ್ಟ್ ಸ್ಟ್ರೈಕ್' ಚೀಟಿ. ಓದಿದವನಿಗೆ ಅಚ್ಚಿನಿಂದ ಮೊದಲು ಬಿದ್ದ ನಾಣ್ಯಗಳು ಎಂದೇ ಅನ್ನಿಸಬೇಕು. ವಾಸ್ತವದಲ್ಲಿ ಬಿಡುಗಡೆಯಾದ ಮೊದಲ 30 ದಿನಗಳೊಳಗೆ ಬಂದು ಸೇರಿದ್ದಷ್ಟೇ ಅದರ ಅರ್ಥ. ಯಾವುದು ಮೊದಲು ಅಚ್ಚಾಯಿತು ಎಂಬ ಲೆಕ್ಕ ತಾವು ಇಟ್ಟಿಲ್ಲ ಎಂದು ಅಮೆರಿಕದ ಟಂಕಸಾಲೆಯವರೇ ಹೇಳಿದ್ದಾರೆ. ಆದರೂ ಆ ಎರಡು ಶಬ್ದಕ್ಕೆ ಜನ ದುಡ್ಡು ಕೊಡುತ್ತಾರೆ.

ಇದರ ಎದುರು ನಮ್ಮ ಡೈಮನ್ನು ಇಟ್ಟು ನೋಡಿ. ಚೀಟಿ ಏನು ಹೇಳುತ್ತದೆ? ನಾನು ಮಾದರಿ ಅನ್ನುತ್ತದೆ. ಮಾದರಿಯೇ ಹೌದು. ಒಳಗೆ ಹತ್ತು ಸೆಂಟು, ಹತ್ತು ಸೆಂಟೇ. ಇಡೀ ವ್ಯಾಪಾರದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವ ಚೀಟಿ ಇದೊಂದೇ ಇರಬೇಕು. ಶಾಲೆಗೆ ಪ್ರಕಾಶಕರು ಕೊಡುವ 'ಮಾದರಿ ಪ್ರತಿ, ಮಾರಾಟಕ್ಕಲ್ಲ' ಎಂಬ ಮೊಹರಿನ ಪುಸ್ತಕಗಳು ನಮ್ಮ ಕಪಾಟಿನಲ್ಲಿ ಇಪ್ಪತ್ತು ವರ್ಷದವು ಇವೆ. ಕನ್ನಡ ಪಠ್ಯಪುಸ್ತಕ ತಡವಾದ ಒಂದು ವರ್ಷ ಜೂನ್ ಪೂರ್ತಿ ಮಕ್ಕಳಿಗೆ ವ್ಯಾಕರಣ ಹೇಳಿದ್ದು ಅಂಥದ್ದೊಂದು ಮೊಹರಿನ ಪುಸ್ತಕದಿಂದಲೇ. ಮಾದರಿ ಎಂದು ಅದನ್ನು ಯಾರೂ ಹಗುರ ಮಾಡಲಿಲ್ಲ.

"ಸರಿ, ಸುಳ್ಳು ಹೇಳುವುದಿಲ್ಲ, ಆದರೆ ಉಪಯೋಗ ಏನು?" ಎಂದು ಕೇಳಬಹುದು. ಇದೆ. ಪಿಸಿಜಿಎಸ್‌ನ ಮೊದಲ ಡಬ್ಬಿಯಲ್ಲಿ ನಾಣ್ಯ ಸಡಿಲ, ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ, ಅದಕ್ಕೇ ಅದರ ಹೆಸರು 'ರ್‍ಯಾಟ್ಲರ್'. ಎನ್‌ಜಿಸಿಯ ಮೊದಲ ಡಬ್ಬಿಯೊಳಗೆ ನಾಣ್ಯದ ಸುತ್ತ ಕಪ್ಪು ಬಣ್ಣ. 1987ರಲ್ಲಿ ಕೆಲವೇ ತಿಂಗಳು ನಡೆದು ಬಿಳಿಗೆ ತಿರುಗಿತು. ಇವತ್ತು ಆ ಕಪ್ಪು ಡಬ್ಬಿಗೆ ಒಳಗಿನ ಸಾಧಾರಣ ನಾಣ್ಯಕ್ಕಿಂತ ಎಷ್ಟೋ ಹೆಚ್ಚು ಬೆಲೆ. ಪಿಸಿಜಿಎಸ್‌ನಲ್ಲಿ 1990ರ ದಶಕದ್ದು ಹಸಿರು ಚೀಟಿ, 1998ರ ಹೊತ್ತಿಗೆ ನೀಲಿ. ಹಸಿರು ಚೀಟಿಯ ಕಾಲದಲ್ಲಿ ಅಂಕ ಬಿಗಿಯಾಗಿ ಕೊಡುತ್ತಿದ್ದರು ಎಂಬ ನಂಬಿಕೆಯಿಂದ ಆ ಡಬ್ಬಿಯ ನಾಣ್ಯಗಳಿಗೆ ಹೆಚ್ಚು ಕೊಡುವ ದೊಡ್ಡ ದೊಡ್ಡ ಸಂಗ್ರಾಹಕರೇ ಇದ್ದಾರೆ. ಯಾವ ಚೀಟಿ ಯಾವ ಕಾಲದ್ದು, ಹಿಂಬದಿಯ ಹೊಲೋಗ್ರಾಂ ಯಾವಾಗ ಬಂತು, ಅಂಚು ಯಾವಾಗ ಬದಲಾಯಿತು ಎಂಬುದನ್ನೆಲ್ಲ ಒಂದೊಂದಾಗಿ ಹೋಲಿಸಿ ಪಟ್ಟಿ ಮಾಡಿದವರಲ್ಲಿ ಈ ಡಬ್ಬಿ ಹೆಕ್ಕುವವರು ಮುಂದೆ. ದುಬಾರಿ ನಾಣ್ಯ ಇಟ್ಟುಕೊಂಡವರಿಗೆ ಡಬ್ಬಿ ನೋಡುವ ಪುರುಸೊತ್ತೆಲ್ಲಿ?

2007–08ರ ಹೊತ್ತಿಗೆ ನಕಲಿ ಡಬ್ಬಿಗಳು ಪೇಟೆಗೆ ಬಂದವು. ನಾಣ್ಯವೂ ನಕಲಿ, ಚೀಟಿಯೂ ನಕಲಿ, ಚೀಟಿಯ ಮೇಲಿನ ನಂಬರ್ ಮಾತ್ರ ಅಸಲಿ, ಎಲ್ಲೋ ಇರುವ ಬೇರೆ ನಾಣ್ಯದ್ದು. ಕಂಪೆನಿಗಳೇ ಎಚ್ಚರಿಕೆ ಕೊಡಬೇಕಾಯಿತು. ನಂಬರ್ ಹಾಕಿ ನೋಡಿದರೆ ಸರಿಯಾಗಿಯೇ ಬರುತ್ತದೆ, ಮೋಸ ಹೋದವನಿಗೆ ಗೊತ್ತಾಗುವುದೇ ಇಲ್ಲ. ಅಕ್ಷರದ ದಪ್ಪ, ಪ್ಲಾಸ್ಟಿಕ್ಕಿನ ಅಂಚು, ಹೊಲೋಗ್ರಾಂ, ಇವನ್ನು ಕೈಯಲ್ಲಿ ಹಿಡಿದು ಹೋಲಿಸಲು ಒಂದು ಅಸಲಿ ಡಬ್ಬಿ ಬೇಕಲ್ಲ? ಸಾವಿರಾರು ಡಾಲರಿನ ನಾಣ್ಯವನ್ನು ಯಾರಾದರೂ ನಮ್ಮಂಥವರ ಕೈಗೆ ಕೊಡುತ್ತಾರೆಯೇ? ನಮ್ಮ ಪಾಠಕ್ಕೆ ಈ ಹತ್ತು ಸೆಂಟಿನ ಡಬ್ಬಿಯೇ ಸಾಕು. ನಮ್ಮ ದೇಶದ ಹರಾಜುಗಳಲ್ಲೂ ಸ್ಲ್ಯಾಬ್ ನಾಣ್ಯಗಳು ಬರುತ್ತಿವೆ. ಅಂದರೆ ಇದು ಅಮೆರಿಕದವರ ತಲೆನೋವು ಮಾತ್ರ ಅಲ್ಲ. ಇನ್ನು ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ ಟಿಪ್ಪುವಿನ ಆನೆ ಕಾಸಿಗೆ ಅಲ್ಲಿಂದ ಅಂಕ ತರಿಸುತ್ತೇವೆ ಎಂದು ಹೊರಡಬೇಡಿ. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ.

ಈ ಹವ್ಯಾಸದಲ್ಲಿ ಕೊಳಕೇ ಇಲ್ಲ ಎಂದು ನಾವು ಹೇಳುವುದಿಲ್ಲ. ಪುಕ್ಕಟೆ ಹಂಚಿದ ಡಬ್ಬಿಗೆ ನೂರಾರು ಡಾಲರ್ ಹೇಳುವವರು ಹುಟ್ಟಿಕೊಂಡಿದ್ದಾರೆ. ಸಂಗ್ರಾಹಕರಿಗೆ ಮಾರಲೆಂದೇ, ಎಣಿಸಿ ಇಷ್ಟೇ ಎಂದು ಮಾಡುವ 'ಮಾದರಿ' ನಮ್ಮ ಲೆಕ್ಕದಲ್ಲಿ ಮಾದರಿಯೇ ಅಲ್ಲ, ಅದು 70ರ ಚೀಟಿಯ ತಮ್ಮ. ಅಂಥದ್ದನ್ನು ಕೊಳ್ಳುವವರನ್ನು ನೋಡಿ ನಗುವುದಾದರೆ ನಗಿ, ನಾವೂ ಸೇರಿಕೊಳ್ಳುತ್ತೇವೆ.

ಸ್ನೇಹಿತರೇ, ನೀವು ಮುಂದಿನ ಸಲ ಬರುವಾಗ ಆ ಎರಡೂ ಈಗಲ್‌ಗಳನ್ನು ಚೀಲದಲ್ಲಿ ಹಾಕಿಕೊಂಡು ಬನ್ನಿ. ಚೀಟಿಗಳ ಮೇಲೆ ಕಾಗದ ಅಂಟಿಸಿ, ಆಚೀಚೆ ಮಾಡಿ ಮೇಜಿನ ಮೇಲೆ ಇಡುತ್ತೇವೆ. ಯಾವುದು 69, ಯಾವುದು 70 ಅಂತ ನೀವೇ ಹೇಳಬೇಕು. ಭೂತಕನ್ನಡಿ ನಮ್ಮಲ್ಲಿ ಉಂಟು, ಚಹಾವೂ ಉಂಟು.