ಸೈಕಲ್ ತುಳಿಯುವವರ ಕೂಲಿಂಗ್ ಗ್ಲಾಸಿಗೂ ನಂಬರ್ ಬೇಕು

ಕಳೆದ ಬೇಸಿಗೆಯ ಒಂದು ಭಾನುವಾರ ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಪೂಜೆಗೆ ಬಂದಿದ್ದರು. ವಯಸ್ಸು ಅರವತ್ತರ ಹತ್ತಿರ, ಹತ್ತಿ ಬೆಳೆಯುವವರು, ಹೊಲಕ್ಕೆ ಇಂದಿಗೂ ಸೈಕಲ್ಲಿನಲ್ಲೇ ಹೋಗುವವರು. ದೂರ ನೋಡಲು ಅವರಿಗೆ ನಂಬರಿನ ಕನ್ನಡಕ ಬೇಕು. ಆ ದಿನ ಬಿಸಿಲಿಗೆ ಕಣ್ಣು ಬಿಡಲಾಗದೆ ಆ ಕನ್ನಡಕವನ್ನು ಜೇಬಿಗೆ ಹಾಕಿ, ಮಗನ ಕೂಲಿಂಗ್ ಗ್ಲಾಸ್ ಏರಿಸಿಕೊಂಡು ಹೊರಟಿದ್ದರಂತೆ. "ಕಣ್ಣಿಗೇನೋ ತಂಪಾತು ಫಾದರ್, ಆದ್ರ ತೆಗ್ಗು ಕಾಣಲಿಲ್ಲ ನೋಡ್ರಿ" ಎಂದರು. ಸುತ್ತ ನಿಂತವರು ನಕ್ಕರು. ನಾವು ನಗಲಿಲ್ಲ, ಏಕೆಂದರೆ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಅಂಥದ್ದೇ ಒಂದು ಕರಿ ಕನ್ನಡಕವನ್ನು ನಾವೂ ಎಷ್ಟೋ ವರ್ಷ ಹಾಕಿಕೊಂಡು ತಿರುಗಿದವರು. ಬೀಳದೆ ಉಳಿದದ್ದು ನಮ್ಮ ಜಾಣತನದಿಂದಲ್ಲ.

ಬಿಸಿಲಿನಲ್ಲಿ ಸೈಕಲ್ ತುಳಿಯುವ, ದೂರದ ನಂಬರ್ ಇರುವ ಪ್ರತಿಯೊಬ್ಬರೂ ಅದೇ ನಂಬರಿನ ಬಣ್ಣದ ಕನ್ನಡಕವೊಂದನ್ನು ಮಾಡಿಸಿಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ. ಇದನ್ನು ಹೇಳಿದಾಗಲೆಲ್ಲ "ರೈತನಿಗ್ಯಾಕ ಈ ಶೋಕಿ?" ಎಂಬ ಮಾತು ಬರುತ್ತದೆ. ಎತ್ತಿನ ಕೊಂಬಿಗೆ ಬಣ್ಣ ಹಚ್ಚಲು, ಟ್ರ್ಯಾಕ್ಟರಿಗೆ ರಿಬ್ಬನ್ ಕಟ್ಟಲು ಹಣವಿದೆ, ದುಡಿಯುವವನ ಕಣ್ಣಿನ ಮಾತು ಬಂದಾಗ ಮಾತ್ರ ಅದು ಶೋಕಿಯಾಗುತ್ತದೆ! ಮಗ ಹಾಕಿದರೆ ಸುಮ್ಮನಿರುವ ಊರು, ಅಪ್ಪ ಹಾಕಿದರೆ ಸಿನಿಮಾ ಹೀರೋ ಎಂದು ಕೂಗುತ್ತದೆ. ಈ ನಾಚಿಕೆಯಿಂದಲೇ ನಮ್ಮ ಎಷ್ಟೋ ಹಿರಿಯರು ಕಣ್ಣು ಕಿರಿದು ಮಾಡಿಕೊಂಡು ಜೀವನ ಕಳೆದಿದ್ದಾರೆ.

ನಮ್ಮ ಭಾಗದ ಬಿಸಿಲನ್ನು ನಾವು ಯಾರಿಗೂ ವಿವರಿಸಬೇಕಾಗಿಲ್ಲ. ಮಕ್ತಲ್, ಗದ್ವಾಲ, ನದಿಯಾಚೆಯ ರಾಯಚೂರು, ಎಲ್ಲ ಕಡೆ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು. ತಂಗಡಗಿಯ ಬಳಿ ಭೀಮೆ ಕೃಷ್ಣೆಯನ್ನು ಸೇರುವಲ್ಲಿ ಮಧ್ಯಾಹ್ನ ನಿಂತು ನೋಡಿ, ನೀರಿನ ಹೊಳಪು ಕೆಳಗಿನಿಂದ ಕಣ್ಣಿಗೆ ಬಡಿಯುತ್ತದೆ. ನೀರು ನಿಲ್ಲಿಸಿದ ಭತ್ತದ ಗದ್ದೆಯ ಪಕ್ಕದ ದಾರಿಯೂ ಹಾಗೆಯೇ. ತಲೆಗೆ ಸುತ್ತಿದ ಟವೆಲ್ ಮೇಲಿನ ಬಿಸಿಲನ್ನು ತಡೆದೀತು, ಇದನ್ನು ತಡೆಯದು. ಹೊಲ ಊರಿನ ಮೂಡಣಕ್ಕಿದ್ದವರ ಪಾಡು ಇನ್ನೂ ಕಷ್ಟ. ಬೆಳಿಗ್ಗೆ ಹೋಗುವಾಗಲೂ ಸೂರ್ಯ ಎದುರಿಗೆ, ಸಂಜೆ ಬರುವಾಗಲೂ ಎದುರಿಗೆ.

ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕಣ್ಣಿಗೆ ಕಾಣುವುದಿಲ್ಲ, ವರ್ಷಗಟ್ಟಲೆ ಬಿದ್ದ ಮೇಲೆ ಅದರ ಫಲ ಕಾಣುತ್ತದೆ. ಮೂಗಿನ ಕಡೆಯಿಂದ ಕಣ್ಣಿನ ಕರಿ ಭಾಗದ ಮೇಲೆ ಹರಿದು ಬರುವ ಕೆಂಪು ಮಾಂಸವನ್ನು ನಮ್ಮ ರೈತರಲ್ಲಿ ನೀವು ನೋಡಿಯೇ ಇರುತ್ತೀರಿ. ಬಿಸಿಲು, ಧೂಳು, ಒಣಗಾಳಿಗಳಲ್ಲಿ ದುಡಿಯುವವರಿಗೆ ಅದು ಹೆಚ್ಚು. ಆಪರೇಷನ್ ಮಾಡಿ ತೆಗೆದರೂ ಕೆಲವರಿಗೆ ಮತ್ತೆ ಬೆಳೆಯುತ್ತದೆ. ಪೊರೆ ಬರುವುದಕ್ಕೆ ವಯಸ್ಸೇ ಮುಖ್ಯ ಕಾರಣವಾದರೂ ಬಿಸಿಲಿಗೂ ಅದರಲ್ಲಿ ಪಾಲಿದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಶಿಬಿರ ಕೊಂಡೊಯ್ದು ಪೊರೆ ತೆಗೆದ ಕಾಲವನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ. 2005ರಲ್ಲಿ ತೀರಿಕೊಂಡ ಆ ಮಹನೀಯರ ಶಿಬಿರಗಳಲ್ಲಿ ಸಾಲಾಗಿ ಮಲಗಿದ್ದವರಲ್ಲಿ ಬಹಳ ಮಂದಿ ಬಿಸಿಲಿನಲ್ಲಿ ದುಡಿದವರೇ.

ಇನ್ನು ಆಯ್ಕೆಯ ಮಾತು. ಅಂಗಡಿಗೆ ಹೋಗುವ ಮೊದಲು ನಿಮ್ಮ ನಂಬರ್ ಯಾವುದರದು ಎಂದು ತಿಳಿದುಕೊಳ್ಳಿ. 2018ರ ಆಗಸ್ಟ್ 15ರಂದು ತೆಲಂಗಾಣದಲ್ಲಿ 'ಕಂಟಿ ವೆಲುಗು' ಆರಂಭವಾಯಿತು, 2023ರಲ್ಲಿ ಎರಡನೇ ಸುತ್ತೂ ನಡೆಯಿತು. ಆಗ ಉಚಿತವಾಗಿ ಪರೀಕ್ಷೆ ಮಾಡಿಸಿಕೊಂಡು ಕನ್ನಡಕ ಪಡೆದವರು ನಮ್ಮಲ್ಲಿಯೂ ಇದ್ದಾರೆ. ಅವರಲ್ಲಿ ಅನೇಕರದು ಓದುವ ಕನ್ನಡಕ, ಅಂದರೆ ನಾವು ಚಾಳೀಸು ಎನ್ನುವುದು. ಅದನ್ನು ಹಾಕಿಕೊಂಡು ಸೈಕಲ್ ತುಳಿಯಲೇಬಾರದು, ದೂರದ್ದೆಲ್ಲ ಮಬ್ಬಾಗುತ್ತದೆ. ಚಾಳೀಸು ಮಾತ್ರ ಇರುವವರಿಗೆ ದಾರಿಯಲ್ಲಿ ನಂಬರಿಲ್ಲದ ಒಳ್ಳೆಯ ಕೂಲಿಂಗ್ ಗ್ಲಾಸ್ ಸಾಕು. ದೂರದ ನಂಬರ್ ಇರುವವರಿಗೆ ಅದೇ ನಂಬರ್ ಬೇಕು. ಎರಡೂ ಇರುವವರು ಸೈಕಲ್ಲಿಗಾಗಿ ದೂರದ್ದನ್ನು ಮಾತ್ರ ಹಾಕಿಸಿಕೊಳ್ಳಿರಿ. ಮೇಲೆ ಒಂದು ಕೆಳಗೆ ಒಂದು ನಂಬರ್ ಇರುವ ಕನ್ನಡಕ ಬೇಡ. ಅಂಗಡಿಯವರೊಬ್ಬರ ಮಾತು ಕೇಳಿ ನಾವು ಅಂಥದ್ದನ್ನು ಮಾಡಿಸಿಕೊಂಡೆವು. ಮುಂದಿನ ಗಾಲಿಯ ಬುಡ ನೋಡಲು ಕಣ್ಣು ಕೆಳಗಿಳಿಸಿದಾಗಲೆಲ್ಲ ಓದುವ ಭಾಗ ಅಡ್ಡ ಬಂದು ತೆಗ್ಗು, ದಿಣ್ಣೆ ಎಲ್ಲ ಒಂದೇ ಆಗುತ್ತಿದ್ದವು. ಈಗ ಅದು ಮೇಜಿನ ಖಾನೆಯಲ್ಲಿದೆ. ಚೀಟಿ ಒಂದೆರಡು ವರ್ಷಕ್ಕಿಂತ ಹಳೆಯದಾಗಿದ್ದರೆ ಮತ್ತೆ ಪರೀಕ್ಷೆ ಮಾಡಿಸಿರಿ, ಸಕ್ಕರೆ ಕಾಯಿಲೆ ಇದ್ದವರು ತಪ್ಪದೆ ಪ್ರತಿ ವರ್ಷ.

ಹೆಚ್ಚು ಕಪ್ಪಾದಷ್ಟೂ ಹೆಚ್ಚು ರಕ್ಷಣೆ ಎಂದು ತಿಳಿಯುವುದು ನಮ್ಮವರ ದೊಡ್ಡ ತಪ್ಪು. ಕಪ್ಪು ಬಣ್ಣ ಬೆಳಕನ್ನು ತಗ್ಗಿಸುತ್ತದೆ ಅಷ್ಟೆ. ಅತಿನೇರಳೆ ಕಿರಣವನ್ನು ತಡೆಯುವುದು ಲೆನ್ಸಿನ ವಸ್ತು ಅಥವಾ ಅದರ ಮೇಲಿನ ಲೇಪ. ಆ ಗುಣವಿಲ್ಲದ ಕರಿ ಲೆನ್ಸಿನ ಹಿಂದೆ ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಳ್ಳುವುದರಿಂದ ಕೇಡು ಹೆಚ್ಚಾಗಲೂಬಹುದು. 'ಯುವಿ 400' ಇದೆಯೇ ಎಂದು ಕೇಳಿರಿ. ಚೀಟಿ ಅಂಟಿಸಿದ್ದನ್ನು ನಂಬಿ ಸುಮ್ಮನಾಗಬೇಡಿ, ಅಳೆಯುವ ಚಿಕ್ಕ ಯಂತ್ರ ಅಂಗಡಿಯಲ್ಲಿದ್ದರೆ ಇಟ್ಟು ತೋರಿಸಲು ಹೇಳಿ. ಪಾಲಿಕಾರ್ಬೊನೇಟ್ ಲೆನ್ಸಿಗೆ ಈ ಗುಣ ತನ್ನಿಂದ ತಾನೇ ಇದೆ, ಕಲ್ಲು ಸಿಡಿದರೂ ಅದು ಸುಲಭವಾಗಿ ಒಡೆಯದು. ಲಾರಿಗಳ ಹಿಂದೆ ಸೈಕಲ್ ತುಳಿಯುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಆದರೆ ಬೇಗ ಗೀರು ಬೀಳುತ್ತದೆ. ಗೀರು ತಡೆಯುವ ಲೇಪ ಹಾಕಿಸಿ, ಧೂಳು ಕುಳಿತಾಗ ಪಂಚೆಯ ತುದಿಯಿಂದ ಉಜ್ಜದೆ ನೀರಿನಲ್ಲಿ ತೊಳೆಯಿರಿ.

ಎಷ್ಟು ಕಪ್ಪಿರಬೇಕು? ನಾಲ್ಕರವರೆಗೆ ದರ್ಜೆಗಳಿವೆ. ಮೂರನೆಯದು ಶೇಕಡಾ 8ರಿಂದ 18ರಷ್ಟು ಬೆಳಕನ್ನು ಒಳಗೆ ಬಿಡುತ್ತದೆ, ನಮ್ಮ ಬಿಸಿಲಿಗೆ ಅದು ಸರಿ. ನಾಲ್ಕನೆಯದು ವಾಹನ ನಡೆಸಲು ತೀರ ಕಪ್ಪು. ಬಿಸಿಲಿಗೆ ತಾನೇ ಕಪ್ಪಾಗಿ ನೆರಳಿಗೆ ತಿಳಿಯಾಗುವ ಲೆನ್ಸ್ ಬಗ್ಗೆ ಹಲವರು ಕೇಳುತ್ತಾರೆ. ಒಂದೇ ಕನ್ನಡಕ ಮನೆಗೂ ದಾರಿಗೂ ಆಗುತ್ತದೆ, ನಿಜ. ಆದರೆ ಸೆಕೆ ಹೆಚ್ಚಾದಂತೆ ಅದು ಕಪ್ಪಾಗುವುದು ಕಡಿಮೆ. ತಂಪು ಊರಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಲೆನ್ಸ್ ನಮ್ಮ ಮೇ ತಿಂಗಳಿನಲ್ಲಿ ಅರ್ಧ ಮನಸ್ಸಿನಿಂದ ದುಡಿಯುತ್ತದೆ.

ಬಣ್ಣದ ವಿಷಯದಲ್ಲಿ ರೈತನಿಗೆ ಪೇಟೆಯವರಿಗಿಲ್ಲದ ಒಂದು ತೊಡಕಿದೆ. ಕಂದು ಲೆನ್ಸಿನಲ್ಲಿ ದಾರಿಯ ಏರುತಗ್ಗು ಸ್ಪಷ್ಟವಾಗಿ ಕಾಣುತ್ತದೆ, ಆದರೆ ಎಲೆಯ ಹಸಿರು ಬೇರೆಯಾಗಿ ತೋರುತ್ತದೆ. ಹತ್ತಿ ಎಲೆ ಹಳದಿಯಾಗುತ್ತಿದೆಯೋ, ಮೆಣಸಿನ ಗಿಡಕ್ಕೆ ರೋಗ ತಗುಲಿದೆಯೋ ಎಂದು ನೋಡುವಾಗ ಅದನ್ನು ತೆಗೆಯಲೇಬೇಕು. ಬೂದು ಬಣ್ಣ ಈ ಮೋಸ ಮಾಡುವುದು ಕಡಿಮೆ, ಆದ್ದರಿಂದ ನಮ್ಮ ಮತ ಬೂದಿಗೆ. ನೀಲಿ, ಕೆಂಪು ಲೆನ್ಸುಗಳನ್ನು ಜಾತ್ರೆಗೆ ಬಿಟ್ಟುಬಿಡಿ. ನೀರಿನ ಹೊಳಪು ಕತ್ತರಿಸುವ ಪೋಲರೈಸ್ಡ್ ಲೆನ್ಸ್ ಗದ್ದೆ, ಕಾಲುವೆ ಪಕ್ಕ ಓಡಾಡುವವರಿಗೆ ನಿಜವಾದ ಸುಖ. ಹಣ ಸಾಲದಿದ್ದರೆ ಅದನ್ನು ಬಿಡಬಹುದು, ಯುವಿ ತಡೆಯನ್ನು ಬಿಡಬಾರದು.

ಫ್ರೇಮು ಪ್ಲಾಸ್ಟಿಕ್ಕಿನದಿರಲಿ, ಲೋಹ ಕಾದು ಕೆನ್ನೆ ಸುಡುತ್ತದೆ. ಕಣ್ಣಿನ ಬದಿಯನ್ನೂ ಸ್ವಲ್ಪ ಮುಚ್ಚಿದರೆ ಗಾಳಿ, ಧೂಳು ನುಗ್ಗುವುದು ತಗ್ಗುತ್ತದೆ. ಆದರೆ ತೀರ ಬಾಗಿದ ಫ್ರೇಮಿನಲ್ಲಿ ದೊಡ್ಡ ನಂಬರ್ ಕೂರಿಸಿದರೆ ಅಂಚಿನಲ್ಲಿ ನೆಲ ಓರೆಯಾಗಿ ಕಂಡು ತಲೆ ತಿರುಗುತ್ತದೆ. ಅಂಥವರು ಮಾಮೂಲಿ ಕನ್ನಡಕದ ಮೇಲೆ ಸಿಕ್ಕಿಸುವ ಕ್ಲಿಪ್ ಅಥವಾ ಕನ್ನಡಕದ ಮೇಲೆಯೇ ಹಾಕುವ ದೊಡ್ಡ ಗ್ಲಾಸ್ ಕೊಳ್ಳಲಿ. ಖರ್ಚೂ ಕಡಿಮೆ. ಹಿಂದೆ ಒಂದು ದಾರ ಕಟ್ಟಿಕೊಳ್ಳಿ, ಬೆವರಿಗೆ ಜಾರಿದರೂ ಕಾಲುವೆಗೆ ಬೀಳದು. ಒಂದು ಎಚ್ಚರಿಕೆ: ಇದೇ ಕನ್ನಡಕ ಹಾಕಿಕೊಂಡು ಔಷಧಿ ಹೊಡೆಯಲು ಹೋಗಬೇಡಿ. ಅದಕ್ಕೆ ಸುತ್ತಲೂ ಮುಚ್ಚುವ ಕನ್ನಡಕವೇ ಬೇರೆ.

ಮತ್ತು ಸೂರ್ಯ ಮುಳುಗಿದ ಮೇಲೆ ಇದು ಬೇಡ. ತಿಳಿ ಕನ್ನಡಕವನ್ನು ಡಬ್ಬಿಯಲ್ಲಿಟ್ಟು ಊಟದ ಬುತ್ತಿಯ ಜೊತೆಗೇ ಒಯ್ಯಿರಿ. ನಮ್ಮ ಮೊಣಕೈ ಪಟ್ಟಿಯ ಹಿರಿಯರು ಹಳೆಯ ಫ್ರೇಮಿಗೇ ಬೂದು ಬಣ್ಣದ ನಂಬರ್ ಲೆನ್ಸ್ ಹಾಕಿಸಿಕೊಂಡಿದ್ದಾರೆ. ಮಗನ ಕೂಲಿಂಗ್ ಗ್ಲಾಸ್ ಮಗನಿಗೆ ಮರಳಿದೆ. ಚೀಟಿಯಲ್ಲಿ ಬರೆದದ್ದು ದೂರದ ನಂಬರೋ ಓದುವ ನಂಬರೋ ತಿಳಿಯದವರು ಭಾನುವಾರ ಪೂಜೆಯ ನಂತರ ತಂದು ತೋರಿಸಿರಿ, ಓದಿ ಹೇಳುತ್ತೇವೆ.