ಬುಕರ್ ಟಿ ಮತ್ತು 'ನಿನ್ನಂಥವರು'



ಕುಸ್ತಿ ವಿಷಯ ಅಂತ ಸ್ಕ್ರೋಲ್ ಮಾಡ್ಬೇಡಿ, ಸ್ವಲ್ಪ ಓದಿ. ನನ್ನ ಮೆಚ್ಚಿನ ರೆಸ್ಲರ್ ಬುಕರ್ ಟಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದ ಕಪ್ಪು ಹುಡುಗ. ದರೋಡೆ ಕೇಸಲ್ಲಿ 19 ತಿಂಗಳು ಜೈಲಲ್ಲಿದ್ದು ಬಂದು ರಿಂಗ್ ಹತ್ತಿದವನು.

ಅವನ ಪಂದ್ಯಗಳಲ್ಲಿ ನನಗಿಷ್ಟವಾದ ಗೆಲುವು ಎರಡು. 2000ದ ಜುಲೈ 9ರಂದು ಜೆಫ್ ಜ್ಯಾರೆಟ್‌ನನ್ನು ಸೋಲಿಸಿ ಡಬ್ಲ್ಯೂಸಿಡಬ್ಲ್ಯೂ ವಿಶ್ವ ಚಾಂಪಿಯನ್ ಆಗಿದ್ದು. 2006ರಲ್ಲಿ 'ಕಿಂಗ್ ಬುಕರ್' ಆಗಿ ರೇ ಮಿಸ್ಟೀರಿಯೊನಿಂದ ವರ್ಲ್ಡ್ ಹೆವಿವೇಟ್ ಬೆಲ್ಟ್ ಕಿತ್ತುಕೊಂಡಿದ್ದು.

ಆದ್ರೆ ಮರೆಯೋಕಾಗದ್ದು 2003ರ ರೆಸಲ್‌ಮೇನಿಯಾ 19ರ ಸೋಲು. ಪಂದ್ಯಕ್ಕೂ ಮುಂಚೆ ಟ್ರಿಪಲ್ ಎಚ್ ಅವನ ಕೂದಲನ್ನು ಆಡಿಕೊಂಡ, ನಿನ್ನಂಥವರು ಚಾಂಪಿಯನ್ ಆಗೋದಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ. 'ನಿನ್ನಂಥವರು' ಅಂದ್ರೇನು ಅಂತ ನಮಗೆ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಹಾಗೆ ಅವಮಾನ ಮಾಡಿದವನು ಕಥೆಯ ಕೊನೆಗೆ ಸೋಲ್ಬೇಕು ತಾನೆ? ಸೋತಿದ್ದು ಬುಕರ್! ಟ್ರಿಪಲ್ ಎಚ್ ತನ್ನ 'ಪೆಡಿಗ್ರಿ' ಪಟ್ಟು ಹಾಕಿ, ಸುಮಾರು ಹೊತ್ತು ತಾನೂ ಬಿದ್ದಿದ್ದು, ಆಮೇಲೆ ನಿಧಾನಕ್ಕೆ ಒಂದು ಕೈ ಮೇಲಿಟ್ಟು ಗೆದ್ದ.

'ಅದೆಲ್ಲ ಸ್ಕ್ರಿಪ್ಟೆಡ್, ಬಿಡಿ ಸಾರ್' ಅಂತೀರಾ? ಅದೇ ನನ್ನ ಮಾತೂ. ನಿಜವಾದ ಆಟವಾಗಿದ್ರೆ 'ಮೆರಿಟ್' ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಇಲ್ಲಿ ಯಾರೋ ಕೂತು ಬರೆದೇ ಸೋಲಿಸಿದ್ದು. ಆ ಅವಮಾನಕ್ಕೆ ಉತ್ತರ ಬರೆಯೋ ಅವಕಾಶ ಕೈಯಲ್ಲೇ ಇತ್ತು, ಬರೆಯಲಿಲ್ಲ.

ಸಿನಿಮಾ ಇರ್ಲಿ, ಪಠ್ಯಪುಸ್ತಕ ಇರ್ಲಿ, ನಮ್ಮ ಕಥೆಯೂ ಇಷ್ಟೇ. ರಿಂಗಿನೊಳಗೆ ನಮ್ಮವರಿದ್ರೆ ಸಾಲದು, ಬರೆಯೋ ಕೋಣೆಯಲ್ಲೂ ಇರ್ಬೇಕು.